ಹುಣಸೆಮರದ ಬುಡದಲ್ಲಿ ಹಳ್ಳ ದಾಟುತ್ತಿದ್ದರು

2022ರ ಮಳೆಗಾಲದಲ್ಲಿ ಒಂದು ರಾತ್ರಿ ತುಮಕೂರಿನ ನಮ್ಮ ಬಡಾವಣೆಯ ಮೂರನೇ ಕ್ರಾಸಿಗೆ ನೀರು ನುಗ್ಗಿತು. ಹನ್ನೊಂದು ಗಂಟೆ ಇರಬೇಕು. ಕರೆಂಟ್ ಹೋಗಿತ್ತು. ನಮ್ಮ ಮನೆ ಒಂದನೇ ಕ್ರಾಸಿನಲ್ಲಿ, ಸ್ವಲ್ಪ ಎತ್ತರದಲ್ಲಿದೆ. ಹಾಗಾಗಿ ನಮಗೇನೂ ಆಗಲಿಲ್ಲ. ಕೂಗಾಟ ಕೇಳಿ ಟಾರ್ಚ್ ಹಿಡಿದು ಓಡಿದೆವು. ಕೊನೆಯ ಮನೆಯ ಕೆಳಗಿನ ಪೋರ್ಷನ್‌ನಲ್ಲಿ ಬಾಡಿಗೆಗಿದ್ದ ಹುಡುಗಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಗಂಡ ನೈಟ್ ಶಿಫ್ಟಿಗೆ ಹೋಗಿದ್ದ. ಒಳಗೆ ಮೊಣಕಾಲುದ್ದ ನೀರು. ಖಾಲಿ ಸಿಲಿಂಡರ್ ಅಡುಗೆಮನೆಯಿಂದ ತೇಲಿ ಬಂದು ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅಲ್ಲಿ ಸೇರಿದವರೆಲ್ಲ ಚರಂಡಿ ಕಟ್ಟಿಕೊಂಡಿದೆ, ಪ್ಲಾಸ್ಟಿಕ್ ತುಂಬಿದೆ ಅಂತ ಮಾತಾಡುತ್ತಿದ್ದರು. ಎದುರು ಮನೆ ಅಜ್ಜಿ ಮಾತ್ರ ಬೇರೆ ಮಾತು ಹೇಳಿದರು. ಅವರು ಈ ಜಾಗದವರೇ. ಬಡಾವಣೆ ಆಗುವ ಮುಂಚೆ, ಪಕ್ಕದ ಹಳ್ಳಿಯಿಂದ ಈ ಹೊಲಗಳ ಬದುವಿನ ಮೇಲೆ ನಡೆದು ಕೆರೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದವರು.

"ಇಲ್ಲೊಂದು ಹುಣಸೆಮರ ಇತ್ತು ಕಣವ್ವ. ಅದರ ಬುಡದಾಗೆ ಹಳ್ಳ ದಾಟ್ತಿದ್ವಿ. ಮಳೆ ಬಂದ ದಿನ ಸೀರೆ ಎತ್ತಿ ಕಟ್ಕೊಂಡೇ ದಾಟ್ಬೇಕಿತ್ತು" ಅಂದರು. ಕೈ ತೋರಿಸಿದ್ದು ನೀರು ತುಂಬಿದ ಆ ಮನೆಯ ಕಡೆಗೇ.

ಆ ರಾತ್ರಿ ನನಗೆ ಅದು ಹಳೆಯವರ ನೆನಪು ಅಷ್ಟೇ ಅನ್ನಿಸಿತು. ಎರಡು ವರ್ಷದ ಮೇಲೆ ಅದೇ ಮಾತನ್ನು ಒಂದು ಸರ್ಕಾರಿ ಅರ್ಜಿಯಲ್ಲಿ, ಸರ್ವೆ ನಂಬರ್ ಸಮೇತ, ನನ್ನ ಕೈಯಾರೆ ಬರೆಯುತ್ತೇನೆ ಅಂತ ಆಗ ಗೊತ್ತಿರಲಿಲ್ಲ.

ನಾವು ಸೈಟ್ ಕೊಂಡಾಗ ಏನೇನು ನೋಡಿದೆವು ಅಂತ ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಖಾತೆ ನೋಡಿದೆವು. ಜಮೀನಿನ ಮೇಲೆ ಸಾಲಗೀಲ ಇದೆಯಾ ಅಂತ ತೋರಿಸುವ ಇ.ಸಿ. ತೆಗೆಸಿದೆವು. ಹೊಲವನ್ನು ಮನೆಗೆ ಬಳಸಲು ಒಪ್ಪಿಗೆ ಕೊಡುವ ಕನ್ವರ್ಷನ್ ಆರ್ಡರ್ ಇದೆಯಾ, ಬ್ಯಾಂಕಿನವರು ಲೋನ್ ಕೊಡ್ತಾರಾ ಕೇಳಿದೆವು. ಪೂರ್ವಕ್ಕೆ ಬಾಗಿಲು ಬರುತ್ತಾ ಅಂತಲೂ ನೋಡಿದೆವು. ಆದರೆ ಈ ನೆಲಕ್ಕೆ ಊರಿನ ನಕ್ಷೆಯಲ್ಲಿ ಯಾವ ಬಣ್ಣ ಹಾಕಿದ್ದಾರೆ, ಸುತ್ತಲಿನ ನೆಲಕ್ಕೆ ಯಾವ ಬಣ್ಣ ಅಂತ ಕೇಳಲಿಲ್ಲ. ನಮಗೆ ಗೊತ್ತಿರುವ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಹೌದು, ಬಣ್ಣ. ಊರು ಯಾವ ಕಡೆ ಹೇಗೆ ಬೆಳೆಯಬೇಕು ಅಂತ ಮೊದಲೇ ತೀರ್ಮಾನಿಸುವ ದಾಖಲೆಗೆ ಮಾಸ್ಟರ್ ಪ್ಲಾನ್ ಅಥವಾ ಮಹಾಯೋಜನೆ ಅಂತಾರೆ. ಅದರ ನಕ್ಷೆಯಲ್ಲಿ ಮನೆಗಳ ಜಾಗ ಹಳದಿ, ಅಂಗಡಿ ವ್ಯಾಪಾರದ್ದು ನೀಲಿ, ಕಾರ್ಖಾನೆಯದು ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳದ್ದು ಕೆಂಪು, ಪಾರ್ಕಿನದು ಹಸಿರು, ವ್ಯವಸಾಯದ್ದು ತಿಳಿ ಹಸಿರು. ಒಂದು ಹೊಲ ತಿಳಿ ಹಸಿರಿನಲ್ಲಿದ್ದರೆ ಅದಕ್ಕೊಂದು ಬೆಲೆ. ಹಳದಿಗೆ ಬಂದರೆ ಬೆಲೆಯೇ ಬೇರೆ. ತುಮಕೂರಿನಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ. ಬೆಂಗಳೂರಿಗೆ 70 ಕಿಲೋಮೀಟರ್ ದೂರ. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ಒಂದು ಕೇಂದ್ರ ಇಲ್ಲೇ, ವಸಂತನರಸಾಪುರದ ಕಡೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆಯಿತು. ರಿಂಗ್ ರೋಡಿನ ಆಚೆ ರಾಗಿ ಹೊಲದ ನಡುವೆ ಕಲ್ಲು ಕಂಬ ನೆಟ್ಟು, ಬಾವುಟ ಕಟ್ಟಿ, "ಸೈಟುಗಳು ಮಾರಾಟಕ್ಕಿವೆ" ಅಂತ ಬೋರ್ಡ್ ಹಾಕಿರುವುದನ್ನು ನೋಡದೆ ಒಂದು ಭಾನುವಾರವೂ ಕಳೆಯುವುದಿಲ್ಲ.

ಈ ಬಣ್ಣ ಹಾಕುವ ಕೆಲಸ ನಡೆಯುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ. ನಾನು ವಕೀಲಳಲ್ಲ. ಬೇಕಾದ ನಾಲ್ಕು ಕಲಂಗಳನ್ನು ಓದಿಕೊಂಡವಳು ಅಷ್ಟೇ. ಆ ಕಾಯ್ದೆಯಲ್ಲಿ ನಮ್ಮಂಥ ಸಾಮಾನ್ಯ ಜನರಿಗೆ ಎರಡು ಬಾಗಿಲು ಇವೆ. ಮೊದಲನೆಯದು 13ನೇ ಕಲಂ. ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ 60 ದಿನದೊಳಗೆ ಸಾರ್ವಜನಿಕರಲ್ಲಿ ಯಾರು ಬೇಕಾದರೂ ಬರವಣಿಗೆಯಲ್ಲಿ ಅಭಿಪ್ರಾಯ ಕೊಡಬಹುದು. ಯೋಜನಾ ಪ್ರಾಧಿಕಾರ ಅದನ್ನು ಪರಿಶೀಲಿಸಿ, ತನ್ನ ವರದಿ ಸೇರಿಸಿ ಸರ್ಕಾರಕ್ಕೆ ಕಳಿಸಬೇಕು. ಎರಡನೆಯದು 14-ಎ ಕಲಂ. ಯೋಜನೆ ಜಾರಿಗೆ ಬಂದ ಮೇಲೆ ಒಂದು ನೆಲದ ಬಣ್ಣ ಬದಲಿಸಬೇಕಾದರೆ, ಆ ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ಅಷ್ಟೇ ಅಲ್ಲ, ಆ ಪ್ರದೇಶದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕರೆಯಬೇಕು.

ಈ ಎರಡನೇ ಬಾಗಿಲಿನಿಂದಲೇ ನಮ್ಮ ಕಥೆ ಶುರುವಾಗಿದ್ದು.

ನಮ್ಮ ಬಡಾವಣೆಯಲ್ಲಿ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರಿದ್ದಾರೆ. ಪೇಪರನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ, ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುವವರು. ಒಂದು ಬೆಳಿಗ್ಗೆ ಪೇಪರ್ ಮಡಿಚಿ ಹಿಡಿದು ನಮ್ಮ ಗೇಟಿಗೆ ಬಂದರು. "ಇದೊಂದು ಸರ್ವೆ ನಂಬರ್ ನೋಡಮ್ಮ. ನಮ್ಮ ಮೇಲಿನ ಹೊಲದ್ದೇ ಅನ್ಸುತ್ತೆ" ಅಂದರು. ಪುಟದ ಕೆಳಗಡೆ, ಸಣ್ಣ ಅಕ್ಷರದಲ್ಲಿ, ಬೆರಳಗಲದ ಪ್ರಕಟಣೆ. ನಾಲ್ಕು ಎಕರೆ ಜಮೀನು. ವ್ಯವಸಾಯ ವಲಯದಿಂದ ವಸತಿ ವಲಯಕ್ಕೆ ಬದಲಾವಣೆ. ಆಕ್ಷೇಪಣೆ ಇದ್ದಲ್ಲಿ ಹದಿನೈದು ದಿನದೊಳಗೆ ಲಿಖಿತವಾಗಿ ಸಲ್ಲಿಸುವುದು. ಪೇಪರ್ ಬಂದು ಆಗಲೇ ಎರಡು ದಿನ ಆಗಿತ್ತು.

ಮೇಲಿನ ಹೊಲ ಅಂದರೆ ನಮ್ಮ ಬಡಾವಣೆಗೂ ಅದರಾಚೆಯ ದಿಣ್ಣೆಗೂ ನಡುವೆ ಇರುವ ಜಾಗ. ದಿಣ್ಣೆಯ ನೀರು ಆ ಹೊಲಕ್ಕೆ ಇಳಿದು, ಅಲ್ಲಿಂದ ನಮ್ಮ ಮೂರನೇ ಕ್ರಾಸಿಗೆ ಬಂದು, ಕೆರೆ ಸೇರಬೇಕು. ನಮ್ಮ ಬಡಾವಣೆ ಮಾಡಿದವರು ಹಳ್ಳವನ್ನು ಎರಡಡಿಯ ಚರಂಡಿ ಮಾಡಿ ಮುಗಿಸಿದ್ದರು. ಮೇಲೆ ಇನ್ನೂ ಮಣ್ಣಿನ ನೆಲ ಇರುವಾಗಲೇ ನಮ್ಮಲ್ಲಿ ಸಿಲಿಂಡರ್ ತೇಲಿತ್ತು. ಅಲ್ಲೂ ಕಾಂಕ್ರೀಟ್ ಬಂದರೆ?

ಮೇಷ್ಟ್ರು ಒಂದು ಮದುವೆ ಪತ್ರಿಕೆಯ ಹಿಂದೆ ಲೆಕ್ಕ ಹಾಕಿ ತೋರಿಸಿದರು. ನಾಲ್ಕು ಎಕರೆ ಅಂದರೆ ಹದಿನಾರು ಸಾವಿರ ಚದರ ಮೀಟರಿಗೆ ಸ್ವಲ್ಪ ಜಾಸ್ತಿ. ಒಂದು ರಾತ್ರಿ 100 ಮಿಲಿಮೀಟರ್ ಮಳೆ ಬಂದರೆ ಆ ಹೊಲದ ಮೇಲೆ ಬೀಳುವ ನೀರೇ 16 ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳಿದರೆ ಸುಮಾರು 270 ಟ್ಯಾಂಕರ್. ಮಣ್ಣು ಅದರಲ್ಲಿ ಒಂದು ಪಾಲು ಕುಡಿಯುತ್ತೆ, ಒಂದು ಪಾಲನ್ನು ಬದು ತಡೆದು ನಿಧಾನಕ್ಕೆ ಬಿಡುತ್ತೆ. ಟಾರು ಮತ್ತು ತಾರಸಿ ಎರಡನ್ನೂ ಮಾಡಲ್ಲ.

ಆ ಭಾನುವಾರ ಗಣೇಶನ ಗುಡಿಯ ಕಟ್ಟೆ ಮೇಲೆ ಸಭೆ ಸೇರಿದೆವು. ಮೂವತ್ತು ಜನ ಬಂದಿದ್ದರು. ಒಂದೂವರೆ ಗಂಟೆ ಜೋರು ಮಾತು. ನನಗೆ ಆ ಸಭೆಯಲ್ಲಿ ಬೇಸರ ತಂದ ವಿಷಯ ಒಂದಿದೆ, ಅದನ್ನು ಬರೆಯಲೇಬೇಕು. ಮೊದಲ ಅರ್ಧ ಗಂಟೆ ನೀರಿನ ಮಾತೇ ಬರಲಿಲ್ಲ. ಹೊಸ ಬಡಾವಣೆ ಬಂದರೆ ನಮ್ಮ ಸೈಟಿನ ರೇಟ್ ಬೀಳುತ್ತೆ ಅಂದರು ಒಬ್ಬರು. ಎಂಥೆಂಥವರೋ ಬರ್ತಾರೆ, ಸಣ್ಣ ಸಣ್ಣ ಸೈಟು ಮಾಡ್ತಾರೆ ಅಂದರು ಇನ್ನೊಬ್ಬರು. ನಮ್ಮ ರೋಡ್ ಅವರಿಗ್ಯಾಕೆ ಬಿಡಬೇಕು, ಗೋಡೆ ಕಟ್ಟೋಣ ಅನ್ನುವ ತನಕ ಮಾತು ಹೋಯಿತು. ನಾವೂ ಹತ್ತು ವರ್ಷದ ಹಿಂದೆ ಯಾರದೋ ಹೊಲದ ಮೇಲೆ ಬಂದು ಕೂತವರು. ಆಗ ಪಕ್ಕದ ಹಳ್ಳಿಯವರು ಕಟ್ಟೆ ಮೇಲೆ ಕೂತು ನಮ್ಮ ಬಗ್ಗೆ ಇದೇ ಮಾತು ಆಡಿರಬಹುದಲ್ವಾ?

ಮೇಷ್ಟ್ರು ಕೊನೆಗೆ ಎದ್ದು ನಿಂತರು. "ರೇಟಿನ ವಿಷಯ ಬರೆದ್ರೆ ಆ ಕಾಗದಕ್ಕೆ ಬೆಲೆ ಇರಲ್ಲ. ಕಾಯ್ದೆಯಲ್ಲಿ ಸಾರ್ವಜನಿಕ ಹಿತ ಅಂತ ಇದೆ. ನಮ್ಮ ಹಿತ ಅಂತ ಇಲ್ಲ. ಹಳ್ಳದ ವಿಷಯ ಬರೆಯೋಣ. ಅದು ನಮಗೆ ಗೊತ್ತು, ಪ್ರೂಫ್ ಮಾಡೋಣ" ಅಂದರು.

ಆಮೇಲೆ ಇನ್ನೊಂದು ಪ್ರಶ್ನೆ ಬಂತು. ಯಾರು ಸಹಿ ಹಾಕಬೇಕು? ನಮ್ಮ ಬಡಾವಣೆಯ ಸಂಘದಲ್ಲಿ ಸೈಟಿನ ಮಾಲೀಕರಷ್ಟೇ ಮೆಂಬರ್‌ಗಳು. ಬಾಡಿಗೆಯವರ ಸಹಿ ಯಾಕೆ, ಅವರು ಇವತ್ತು ಇರ್ತಾರೆ ನಾಳೆ ಹೋಗ್ತಾರೆ ಅಂತ ಒಂದಿಬ್ಬರು ಅಂದರು. ನನಗೆ ಮೆಟ್ಟಿಲ ಮೇಲೆ ನಿಂತಿದ್ದ ಆ ಹುಡುಗಿ ನೆನಪಾದಳು. ನೀರು ನುಗ್ಗಿದ್ದು ಕೆಳಗಿನ ಪೋರ್ಷನ್ನಿಗೆ. ಕೆಳಗಿನ ಪೋರ್ಷನ್ನುಗಳಲ್ಲಿ ಇರುವವರು ಮುಕ್ಕಾಲುವಾಸಿ ಬಾಡಿಗೆಯವರೇ. ಮಾಲೀಕರು ಮೇಲೆ ಇರುತ್ತಾರೆ, ಇಲ್ಲವೇ ಬೆಂಗಳೂರಿನಲ್ಲಿರುತ್ತಾರೆ. ಕಾಯ್ದೆ ಸಾರ್ವಜನಿಕರು ಅನ್ನುತ್ತೆ, ಸೈಟಿನ ಮಾಲೀಕರು ಅನ್ನುವುದಿಲ್ಲ. ಇಷ್ಟನ್ನು ನಾನು ಎದ್ದು ಹೇಳಿದೆ. ಧ್ವನಿ ಸ್ವಲ್ಪ ಜೋರಾಯಿತು. ಕೊನೆಗೆ ಒಟ್ಟು 46 ಸಹಿ ಆದವು. ಅದರಲ್ಲಿ 19 ಬಾಡಿಗೆಯವರದು. ಆ ಹುಡುಗಿಯದು ಮೂರನೇ ಸಹಿ. ಅವಳು ಮನೆ ಬದಲಿಸಿ ಎರಡನೇ ಕ್ರಾಸಿಗೆ ಬಂದಿದ್ದಳು, ಆದರೂ ಹಾಕಿದಳು.

ಈ ಮಾತುಕತೆಗೆ ಗುಡಿಯ ಕಟ್ಟೆಗಿಂತ ಒಳ್ಳೆಯ ಜಾಗ ಕಾನೂನಿನಲ್ಲೇ ಇದೆ, ಅದನ್ನೂ ಹೇಳಿಬಿಡುತ್ತೇನೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುತ್ತೆ. 2011ರ ಜನಗಣತಿಯಲ್ಲಿ ತುಮಕೂರಿನ ಜನಸಂಖ್ಯೆ 3,02,143. ಗೆರೆಯಿಂದ ಎರಡು ಸಾವಿರ ಮೇಲೆ! ನಮ್ಮ ರಾಜ್ಯದ ಮಹಾನಗರ ಪಾಲಿಕೆ ಕಾಯ್ದೆಯ ಪ್ರಕಾರ ಆ ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಸೇರಿದ 18 ವಿಷಯಗಳಿವೆ. ಮೊದಲನೆಯದೇ ನಗರ ಯೋಜನೆ, ಎರಡನೆಯದು ಭೂ ಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ನಮ್ಮ ಸಭೆಯ ಮೂವತ್ತು ಜನರಲ್ಲಿ ವಾರ್ಡ್ ಸಮಿತಿ ಅನ್ನುವ ಹೆಸರು ಕೇಳಿದ್ದವರು ಇಬ್ಬರು. ನಾನು ಆ ಇಬ್ಬರಲ್ಲಿ ಇರಲಿಲ್ಲ.

ನಮಗೆ ಇನ್ನೊಂದು ತೊಡಕೂ ಇತ್ತು. ನಮ್ಮ ಬಡಾವಣೆ ಪಾಲಿಕೆಯ ವಾರ್ಡಿಗೆ ಸೇರುತ್ತೆ, ಮೇಲಿನ ಹೊಲ ಗ್ರಾಮ ಪಂಚಾಯ್ತಿಗೆ. ಹಳ್ಳ ಪಂಚಾಯ್ತಿಯಲ್ಲಿ ಹುಟ್ಟಿ ವಾರ್ಡಿನಲ್ಲಿ ಹರಿಯುತ್ತೆ. ಎರಡೂ ಕಡೆಯವರು ಒಂದು ಕಡೆ ಕೂತು ಮಾತಾಡುವ ಜಾಗ ನಮಗೆಲ್ಲೂ ಕಾಣಲಿಲ್ಲ. ನಮಗೆ ಕಂಡಂತೆ ಎರಡನ್ನೂ ಒಟ್ಟಿಗೆ ನೋಡುವುದು ಯೋಜನಾ ಪ್ರಾಧಿಕಾರದ ಆ ಬಣ್ಣದ ನಕ್ಷೆ ಒಂದೇ.

ಪ್ರೂಫ್ ಮಾಡೋಣ ಅಂದಿದ್ದರಲ್ಲ ಮೇಷ್ಟ್ರು, ಅದು ಅಷ್ಟು ಸುಲಭ ಇರಲಿಲ್ಲ. ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ಹಳೆಯ ಗ್ರಾಮ ನಕಾಶೆ ಇಳಿಸಿಕೊಂಡೆವು. ಈ ನಕಾಶೆಗಳ ಅಳತೆ ಬ್ರಿಟಿಷರ ಕಾಲದ ಲೆಕ್ಕ. ನೆಲದ ಮೇಲಿನ ಒಂದು ಮೈಲಿಗೆ ಕಾಗದದ ಮೇಲೆ ಎಂಟು ಇಂಚು. ಅಂದರೆ ಒಂದು ಇಂಚಿಗೆ 220 ಗಜ, ನಮ್ಮ ಲೆಕ್ಕದಲ್ಲಿ ಸುಮಾರು 200 ಮೀಟರ್. ಆ ನಾಲ್ಕು ಎಕರೆ ಹೊಲ ಕಾಗದದ ಮೇಲೆ ನನ್ನ ಹೆಬ್ಬೆರಳಿನ ಉಗುರಿನಷ್ಟು. ಹದಿನೈದು ಅಡಿ ಅಗಲದ ಹಳ್ಳ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಪೆನ್ನಿನ ಗೆರೆಯೇ ಅದಕ್ಕಿಂತ ದಪ್ಪ!

ಬಿ.ಎಚ್. ರಸ್ತೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ನಾಲ್ಕು ಪಟ್ಟು ದೊಡ್ಡದು ಮಾಡಿಸಿದೆವು. ಡೈನಿಂಗ್ ಟೇಬಲ್ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟೆವು. ದಿಣ್ಣೆಯ ಕಡೆಯಿಂದ ಎರಡು ಗೆರೆಗಳು ಒಂದರ ಪಕ್ಕ ಒಂದು ಇಳಿದು ಬರುತ್ತಿದ್ದವು. ಹಳ್ಳದ ಗುರುತು. ಮೇಲಿನ ಹೊಲದ ಒಳಗೆ ಬಂದು ಅರ್ಧದಲ್ಲಿ ಗೆರೆ ಮಸುಕಾಗಿ ನಿಂತುಹೋಗಿತ್ತು. ಜೆರಾಕ್ಸ್ ಮಸುಕೋ, ಮೂಲದಲ್ಲೇ ಹಾಗಿದೆಯೋ ತಿಳಿಯಲಿಲ್ಲ. ಪಹಣಿ ತೆಗೆಸಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ ನೋಡಿದೆವು. ಹಳ್ಳ, ದಾರಿ ಇಂಥ ಸಾರ್ವಜನಿಕ ಜಾಗವನ್ನು ಬಿ ಖರಾಬು ಅಂತ ಬೇರೆ ಇಡುತ್ತಾರೆ, ಅದು ಮಾಲೀಕರಿಗೆ ಸೇರಲ್ಲ. ಪಹಣಿಯಲ್ಲಿ ನಾಲ್ಕು ಗುಂಟೆ ಖರಾಬು ಇತ್ತು. ಆದರೆ ಆ ನಾಲ್ಕು ಗುಂಟೆ ಹೊಲದ ಯಾವ ಭಾಗದಲ್ಲಿದೆ ಅಂತ ಪಹಣಿ ಹೇಳಲ್ಲ.

ಆಗ ನೆನಪಾಗಿದ್ದು ಅಜ್ಜಿ.

ಅವರನ್ನು ಕರೆದುಕೊಂಡು ಬಂದು ನಕಾಶೆಯ ಮುಂದೆ ಕೂರಿಸಿದೆವು. ಅಜ್ಜಿಗೆ ಓದಲು ಬರಲ್ಲ. ಕಾಗದ ನೋಡಿ ಏನೂ ಅರ್ಥವಾಗಲಿಲ್ಲ. "ಇದರಾಗೆ ಏನೂ ಕಾಣಕಿಲ್ಲ ಕಣವ್ವ, ಹೊಲಕ್ಕೆ ಹೋಗೋಣ ನಡೀರಿ" ಅಂದರು. ಸಂಜೆ ನಾಲ್ಕೂವರೆಗೆ ಹೊರಟೆವು. ಅಜ್ಜಿ, ಮೇಷ್ಟ್ರು, ನಾನು, ನಕಾಶೆ ಹಿಡಿದ ನನ್ನ ಮಗ. ಅವನ ಮೊಬೈಲಿನಲ್ಲಿ ಜಿಪಿಎಸ್ ಆನ್ ಆಗಿತ್ತು. ಅಜ್ಜಿ ಕೋಲೂರಿಕೊಂಡು ನಡೆಯುತ್ತಾ ಹೋದಂತೆ ಮಗ ಹತ್ತು ಹತ್ತು ಹೆಜ್ಜೆಗೆ ಒಂದು ಗುರುತು ಹಾಕುತ್ತಾ ಹೋದ. "ಇಲ್ಲಿ ಬಂಡೆ ಇತ್ತು, ಅದರ ಮೇಲೆ ಕೂತು ಕಾಲು ತೊಳ್ಕೊಳ್ತಿದ್ವಿ." ಬಂಡೆಯ ತಲೆ ಮಣ್ಣಿನಿಂದ ಇನ್ನೂ ಒಂದು ಗೇಣು ಮೇಲಿತ್ತು. "ಇಲ್ಲಿ ಹೊಂಗೆ ಸಾಲು." ಎರಡು ಹೊಂಗೆ ಮರ ಉಳಿದಿದ್ದವು. ಆ ಎರಡರ ನಡುವೆ ನೆಲ ತುಸು ತಗ್ಗು. ಉದ್ದಕ್ಕೂ ಹಸಿರು ಹುಲ್ಲಿನ ಪಟ್ಟಿ. ಸುತ್ತ ಹುಲ್ಲೆಲ್ಲ ಒಣಗಿತ್ತು.

ಮನೆಗೆ ಬಂದು ಮಗ ಆ ಗುರುತುಗಳನ್ನೆಲ್ಲ ಕಂಪ್ಯೂಟರಿನಲ್ಲಿ ನಕಾಶೆಯ ಮೇಲೆ ಕೂರಿಸಿದ. ನಕಾಶೆಯ ಎರಡು ಗೆರೆ ಎಲ್ಲಿ ಮಸುಕಾಗಿತ್ತೋ ಅಲ್ಲಿಂದ ಅಜ್ಜಿಯ ಹೆಜ್ಜೆಗಳು ಶುರುವಾಗಿ, ನೇರ ನಮ್ಮ ಮೂರನೇ ಕ್ರಾಸಿನ ಕೊನೆಯ ಮನೆಗೆ ಬಂದು ನಿಂತವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ಏನೂ ಮಾತಾಡಲಿಲ್ಲ.

ನಾವು ಹೊಲದಲ್ಲಿ ಓಡಾಡುವಾಗ ಹೊಲದ ಗೌಡ್ರು ಬಂದರು. ಅವರನ್ನು ನಾನು ಅಲ್ಲಿಯವರೆಗೆ ಮಾತಾಡಿಸಿರಲಿಲ್ಲ. ಅರವತ್ತೈದರ ಮೇಲೆ ವಯಸ್ಸು. ನಾವು ಏನು ಮಾಡುತ್ತಿದ್ದೇವೆ ಅಂತ ಅವರಿಗೆ ಗೊತ್ತಾಗಿತ್ತು. ಸಿಟ್ಟು ಮಾಡಿಕೊಳ್ಳಲಿಲ್ಲ. ಹೊಂಗೆ ಮರದ ಕೆಳಗೆ ನಿಂತು ನಿಧಾನವಾಗಿ ಹೇಳಿದರು.

"ನೋಡಿ ತಾಯಿ, ನೀವು ಬಂದಾಗ ನಾವ್ಯಾರೂ ಬೇಡ ಅನ್ನಲಿಲ್ಲ. ನಿಮ್ಮದು ಹಳದಿ ಆಯ್ತು. ನಂದು ಯಾವತ್ತೂ ಹಸಿರಾಗೇ ಇರ್ಬೇಕು ಅಂದ್ರೆ ಹೆಂಗೆ? ಎರಡು ಬೋರು ಫೇಲಾಗಿದೆ. ಹುಡುಗರು ವ್ಯವಸಾಯ ಮಾಡಲ್ಲ ಅಂತಾರೆ. ತೆಂಗಿಗೆ ನುಸಿ ಬಿದ್ದು ಎಷ್ಟು ವರ್ಷ ಆಯ್ತು. ನಿಮಗೆ ಕಿಟಕಿಯಿಂದ ಹಸಿರು ಕಾಣ್ಬೇಕು ಅಂತ ನಾನು ಹೊಲ ಇಟ್ಕೊಳ್ಳೋಕಾಗುತ್ತಾ?"

ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆವತ್ತಿನಿಂದ ಈ ವಿಷಯದಲ್ಲಿ ನನ್ನ ಯೋಚನೆ ಬದಲಾಯಿತು. ಅಲ್ಲಿಯತನಕ ನಾನು ಬರೆಯಲು ಹೊರಟಿದ್ದು ಆಕ್ಷೇಪಣೆ, ಅಂದರೆ ಬೇಡ ಅನ್ನುವ ಕಾಗದ. 14-ಎ ಕಲಂನಲ್ಲಿ ಜನರಿಗೆ ಇರುವ ಪದವೂ ಅದೇ. ಆ ಪದ ಒಂದನ್ನೇ ಹಿಡಿದುಕೊಂಡರೆ ಮೊದಲು ಬಂದವರು ಕದ ಹಾಕಿಕೊಂಡು ಆಮೇಲೆ ಬರುವವರನ್ನು ಹೊರಗಿಡುವುದೇ ಊರಿನ ಕೆಲಸ ಆಗಿಬಿಡುತ್ತೆ. ಮೂವತ್ತು ನಲವತ್ತರ ಸೈಟು ಕೊಂಡು ಒಂದು ಮನೆ ಕಟ್ಟುವ ಆಸೆ ನಮಗೆ ಎಷ್ಟಿತ್ತೋ ಇನ್ನೊಬ್ಬರಿಗೂ ಅಷ್ಟೇ ಇರುತ್ತೆ. ಗೌಡ್ರಿಗೆ ಅವರ ಜಮೀನಿನ ಬೆಲೆ ಸಿಗಬೇಕು. ಆದರೆ ನಮಗೆ ಗೊತ್ತಿರುವ ಒಂದು ವಿಷಯ ಆ ಬಣ್ಣದ ನಕ್ಷೆಗೆ ಗೊತ್ತಿಲ್ಲ. ಅದನ್ನು ಹೇಳುವುದು ನಮ್ಮ ಕೆಲಸ.

"ಗೌಡ್ರೇ, ಹಳ್ಳ ಎಲ್ಲಿತ್ತು?" ಅಂತ ಕೇಳಿದೆ.

ಅವರು ಅಜ್ಜಿಯನ್ನು ನೋಡಿದರು. "ನಿಂಗವ್ವಂಗೆ ಎಲ್ಲಾ ನೆನಪಿರುತ್ತೆ" ಅನ್ನುವ ಧಾಟಿಯಲ್ಲಿ ನಕ್ಕರು. ಇಬ್ಬರೂ ಒಂದೇ ಊರಿನವರು. ಆಮೇಲೆ ಅವರೇ ಮುಂದೆ ನಡೆದು ತೋರಿಸಿದರು. ಅಜ್ಜಿ ತೋರಿಸಿದ್ದಕ್ಕಿಂತ ಎಂಟು ಹತ್ತು ಅಡಿ ಪಕ್ಕಕ್ಕೆ. ಇಬ್ಬರೂ ಅದರ ಮೇಲೆ ಸ್ವಲ್ಪ ಹೊತ್ತು ವಾದ ಮಾಡಿದರು. ಒಂದು ವರ್ಷ ದೊಡ್ಡ ಮಳೆಗೆ ಹಳ್ಳ ಸ್ವಲ್ಪ ಸರಿದಿತ್ತು ಅಂತ ಕೊನೆಗೆ ಇಬ್ಬರೂ ಒಪ್ಪಿದರು.

ಮನೆಗೆ ಬಂದು ಬರೆದಿಟ್ಟಿದ್ದ ಕಾಗದ ಹರಿದು ಹಾಕಿ ಹೊಸದಾಗಿ ಬರೆದೆ. ಬಣ್ಣ ಬದಲಾವಣೆ ಬೇಡ ಅಂತ ಬರೆಯಲಿಲ್ಲ. ಹಳ್ಳ ಇಲ್ಲಿದೆ, ಇದರ ಜಾಗ ಅಳೆದು ಗುರುತು ಮಾಡಿ ಹಾಗೇ ಬಿಡಿ ಅಂತ ಬರೆದೆ. ಬಡಾವಣೆ ಮಾಡುವವರು ಪಾರ್ಕಿಗೆ ಅಂತ ಹೇಗೂ ಜಾಗ ಬಿಡಲೇಬೇಕು. ಸಾಮಾನ್ಯವಾಗಿ ಅದು ಯಾವುದೋ ಮೂಲೆಯ, ಸೈಟು ಮಾಡಲಾಗದ ಮೂರು ಮೂಲೆಯ ತುಂಡು ಆಗಿರುತ್ತೆ. ಅದನ್ನು ಹಳ್ಳದ ಎರಡೂ ಬದಿಗೆ ಉದ್ದಕ್ಕೆ ಬಿಡಿಸಿ, ಆಗ ಮಕ್ಕಳಿಗೆ ಪಾರ್ಕೂ ಆಯಿತು, ನೀರಿಗೆ ಜಾಗವೂ ಆಯಿತು ಅಂತ ಬರೆದೆ. ರಸ್ತೆ ಹಳ್ಳ ದಾಟುವ ಕಡೆ ಪೈಪ್ ಬೇಡ, ಮೋರಿ, ಅಂದರೆ ಸಣ್ಣ ಸೇತುವೆ ಕಟ್ಟಿಸಿ. ನಮ್ಮ ಮೂರನೇ ಕ್ರಾಸಿನ ಎರಡಡಿ ಚರಂಡಿಯನ್ನೂ ಅಗಲ ಮಾಡಿ, ಅದಕ್ಕೆ ನಮ್ಮ ಕಡೆಯ ಮನೆಗಳ ಮುಂದಿನ ಮೆಟ್ಟಿಲು, ರ‍್ಯಾಂಪ್ ತೆಗೆಯಬೇಕಾದರೆ ನಾವು ತೆಗೆಯುತ್ತೇವೆ. ಈ ಕೊನೆಯ ಸಾಲಿಗೆ ಮೂರನೇ ಕ್ರಾಸಿನವರ ಒಪ್ಪಿಗೆ ಪಡೆಯಲು ನಾಲ್ಕು ಸಂಜೆ ಬೇಕಾಯಿತು. ಇಬ್ಬರು ಕೊನೆಗೂ ಒಪ್ಪಲಿಲ್ಲ, ಸಹಿ ಹಾಕಲಿಲ್ಲ. ಗೋಡೆ ಕಟ್ಟೋಣ ಅಂದವರು ಮಾತ್ರ ಓದಿ ನೋಡಿ ಸಹಿ ಹಾಕಿದರು.

ಹದಿಮೂರನೇ ದಿನ ಕೊಟ್ಟೆವು. ನೀವೂ ಇಂಥ ಕಾಗದ ಕೊಡುವುದಾದರೆ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ತಾರೀಕು ಸಮೇತ ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಫೈಲಿಗೆ ಹೋಗಲ್ಲ. ಕೌಂಟರಿನಲ್ಲಿದ್ದವರು ನಕ್ಷೆ ನೋಡಿ, "ಜಿಪಿಎಸ್ ಪಾಯಿಂಟ್ ಕೊಟ್ಟಿದ್ದೀರಾ? ಒಳ್ಳೇದಾಯ್ತು" ಅಂದು ಅದಕ್ಕೂ ಪುಟದ ನಂಬರ್ ಹಾಕಿಕೊಂಡರು.

ಮೂರು ತಿಂಗಳು ಏನೂ ತಿಳಿಯಲಿಲ್ಲ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಹತ್ತು ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. 150 ಪದದೊಳಗೆ ಬರೆಯುವುದು ಕಷ್ಟ ಅನ್ನಿಸಿತ್ತು. ಕೊನೆಗೆ 40 ಪದ ಸಾಕಾಯಿತು. ಇಂಥ ತಾರೀಕಿನ, ಇಂಥ ಸರ್ವೆ ನಂಬರಿನ ನಮ್ಮ ಪತ್ರದ ಮೇಲೆ ಏನು ಕ್ರಮ ಆಗಿದೆ, ಟಿಪ್ಪಣಿ ಹಾಳೆಯ ನಕಲು ಕೊಡಿ. ಇಪ್ಪತ್ತಾರನೇ ದಿನಕ್ಕೆ ಉತ್ತರ ಬಂತು. ಟಿಪ್ಪಣಿಯಲ್ಲಿ ಒಂದು ಸಾಲು ಇತ್ತು: ಸ್ಥಳೀಯ ನಿವಾಸಿಗಳು ಸೂಚಿಸಿರುವ ಹಳ್ಳದ ಬಗ್ಗೆ ಸರ್ವೆ ಮಾಡಿಸಿ ವರದಿ ಪಡೆದ ನಂತರ ಮುಂದುವರಿಯುವುದು. ಆ ಸಾಲನ್ನು ಮೇಷ್ಟ್ರು ಕಟ್ಟೆ ಮೇಲೆ ನಿಂತು ಎರಡು ಸಲ ಓದಿದರು.

ಇದು ಗೆಲುವು ಅಂತ ನಾನು ಹೇಳುತ್ತಿಲ್ಲ. ಸರ್ವೆ ಆಗಬೇಕು, ವರದಿ ಬರಬೇಕು, ಅದು ಬಡಾವಣೆಯ ನಕ್ಷೆಗೆ ಇಳಿಯಬೇಕು, ಆ ನಕ್ಷೆಯಂತೆ ಜೆಸಿಬಿ ಕೆಲಸ ಮಾಡಬೇಕು. ಒಂದೊಂದು ಹಂತದಲ್ಲೂ ಯಾರಾದರೂ ಹೋಗಿ ನಿಲ್ಲಬೇಕು. ಆದರೆ ಜೆಸಿಬಿ ಬಂದ ಮೇಲೆ ಅದರ ಮುಂದೆ ನಿಲ್ಲುವುದಕ್ಕೂ, ಬರುವ ಮೊದಲೇ ಒಂದು ಕಾಗದ ಕೊಡುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನಮಗೆ ಈಗ ಗೊತ್ತು. ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಸರ್ವೆ ಮಾಡಿ ಪರಿಷ್ಕರಿಸಬೇಕು ಅಂತ ಅದೇ 1961ರ ಕಾಯ್ದೆ ಹೇಳುತ್ತೆ. ಮುಂದಿನ ಪರಿಷ್ಕರಣೆಯ ಕರಡು ಬಂದಾಗ ಆ 60 ದಿನಗಳಲ್ಲಿ ಓಡಾಡುವುದು ಬೇಡ ಅಂತ ಈಗಲೇ ಕೆಲಸ ಶುರು ಮಾಡಿದ್ದೇವೆ. ಬಾಡಿಗೆಯ ಆ ಹುಡುಗಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಮಳೆ ಬಂದ ರಾತ್ರಿ ಯಾವ ಮನೆಯ ಹತ್ತಿರ ನೀರು ಎಷ್ಟು ನಿಂತಿತ್ತು ಅಂತ ಗೋಡೆಗೆ ಸ್ಕೇಲ್ ಹಿಡಿದು ಅಳೆದು, ತಾರೀಕು ಹಾಕಿ ಬರೆಯುತ್ತಾಳೆ. ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾಳೆ. ಹೋದ ಮಳೆಗಾಲದ್ದೇ ಹನ್ನೊಂದು ಪುಟ ಆಗಿದೆ.

ಪಕ್ಕದ ಬಡಾವಣೆಯವರೂ ಕೇಳಿಕೊಂಡು ಬಂದಿದ್ದರು. ಅವರದು ಬೇರೆ ಸಮಸ್ಯೆ, ಮನೆಗಳ ನಡುವೆ ಕಲ್ಯಾಣ ಮಂಟಪ ಬರುತ್ತಿದೆಯಂತೆ. ಮೇಷ್ಟ್ರು ಅವರಿಗೆ ಮೊದಲು ಕೇಳಿದ ಪ್ರಶ್ನೆ: "ಕಟ್ಟೋರನ್ನ ಮಾತಾಡ್ಸಿದ್ರಾ?"

ಮೊನ್ನೆ ಮಂಗಳವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಗೌಡ್ರ ಫೋನ್ ಬಂತು. "ತಾಯಿ, ಗುರುವಾರ ಹತ್ತು ಗಂಟೆಗೆ ಸರ್ವೆಯೋರು ಬರ್ತಾರಂತೆ. ನಾನು ತೋರಿಸಿದ್ರೆ ನನ್ನ ಕಡೆಗೆ ಎಳ್ಕೊಂಡೆ ಅಂತಾರೆ. ಅಜ್ಜೀನ ಕರ್ಕೊಂಡು ಬನ್ನಿ. ಅವರಿಗೆ ಬಿಸಿಲು ಆಗಲ್ಲ, ಹೊಂಗೆ ಮರದ ಕೆಳಗೆ ಒಂದು ಕುರ್ಚಿ ಹಾಕಿಸಿರ್ತೀನಿ."

ಎದುರು ಮನೆಗೆ ಹೋಗಿ ಹೇಳಿದೆ. ಅಜ್ಜಿ ಮಲಗಲು ಹೊರಟಿದ್ದವರು ಎದ್ದು ಕೂತರು. "ಆ ಬಂಡೆ ಸುತ್ತ ಮಣ್ಣು ತೆಗೆದಿಡಕ್ಕೆ ಹೇಳವ್ವ" ಅಂದರು. "ಅದು ಕಂಡ್ರೆ ಮಿಕ್ಕಿದ್ದು ನಾನು ತೋರಿಸ್ತೀನಿ."